ವಾಕ್‌ಸ್ವಾತಂತ್ರ್ಯ ಮತ್ತು ಮುಸ್ಲಿಂ ಸಮಾಜ: ಲಂಡನ್ನಿನಿಂದ ಹಾಸನದವರೆಗೆ

ಪಾಶ್ಚಾತ್ಯ ದೇಶಗಳಲ್ಲಿ ನೆಲೆಸಿರುವ ಮುಸಲ್ಮಾನರು ಅಲ್ಲಿನ ವಾಕ್‌ಸ್ವಾತಂತ್ರ್ಯವನ್ನು ಹೇಗೆ ಕಾಣುತ್ತಾರೆ ಎಂಬ ಪ್ರಶ್ನೆ ನಮ್ಮ ಸದಸ್ಯರ ಮನೆಗಳಲ್ಲಿ ಆಗಾಗ ತಲೆಯೆತ್ತುವುದುಂಟು. ವಸಂತ್ ಕುಂಜಿನ ಕನ್ನಡ ಕುಟುಂಬಗಳಲ್ಲಿ ಮಗನೋ ಮಗಳೋ ಲಂಡನ್ನಿನಲ್ಲೋ ಟೊರಾಂಟೋದಲ್ಲೋ ಇರುವುದು ಈಗ ಸಾಮಾನ್ಯ ಸಂಗತಿ. ಅಲ್ಲಿ ಏನಾದರೊಂದು ಘಟನೆ ನಡೆದಾಗ ಇಲ್ಲಿನ ಸಂಜೆಯ ಕಾಫಿಯ ಹೊತ್ತಿನಲ್ಲಿ ಅದೇ ಮಾತು. ಆದರೆ ಈ ಮಾತುಕತೆಗಳಲ್ಲಿ ಒಂದು ಕೊರತೆಯನ್ನು ನಾವು ಗಮನಿಸಿದ್ದೇವೆ. ಪ್ಯಾರಿಸ್, ಕೋಪನ್‌ಹೇಗನ್‌ಗಳ ಬಗ್ಗೆ ವಿವರವಾಗಿ ಬಲ್ಲವರು ಬೆಂಗಳೂರು, ಶಿವಮೊಗ್ಗ, ಹಾಸನ, ಪುತ್ತೂರುಗಳಲ್ಲಿ ಇದೇ ಪ್ರಶ್ನೆ ಎದುರಾದ ಸಂದರ್ಭಗಳನ್ನು ಮರೆತಿರುತ್ತಾರೆ. ಆ ಸಂದರ್ಭಗಳನ್ನು ಪಶ್ಚಿಮದ ಘಟನೆಗಳ ಪಕ್ಕದಲ್ಲಿಟ್ಟು ಒಂದೆಡೆ ಸಂಗ್ರಹಿಸಿ ಕೊಡುವುದು ಈ ಲೇಖನದ ಉದ್ದೇಶ.

ಪಶ್ಚಿಮದಲ್ಲಿ

ಸಲ್ಮಾನ್ ರಶ್ದಿಯವರ 'ದಿ ಸಟಾನಿಕ್ ವರ್ಸಸ್' ಕಾದಂಬರಿ 1988ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. 1989ರ ಜನವರಿಯಲ್ಲಿ ಬ್ರಾಡ್‌ಫರ್ಡ್ ಪಟ್ಟಣದ ಮುಸಲ್ಮಾನರು ಅದರ ಪ್ರತಿಯನ್ನು ಸಾರ್ವಜನಿಕವಾಗಿ ಸುಟ್ಟರು. ಫೆಬ್ರವರಿ 14ರಂದು ಇರಾನಿನ ಆಯತೊಲ್ಲಾ ಖೊಮೇನಿಯವರು ಲೇಖಕರ ವಿರುದ್ಧ ಮರಣದ ಫತ್ವಾ ಹೊರಡಿಸಿದರು. ಈ ಭಾಗ ಸರ್ವವಿದಿತ. ಅಷ್ಟಾಗಿ ತಿಳಿಯದ ಸಂಗತಿಯೆಂದರೆ, ಬ್ರಿಟನ್ನಿನ ಮುಸಲ್ಮಾನರಲ್ಲಿ ಕೆಲವರು ಆ ದಿನಗಳಲ್ಲೇ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದರು. ಧರ್ಮನಿಂದನೆಯನ್ನು ಶಿಕ್ಷಿಸುವ ಕಾನೂನು ಆಗ ಇಂಗ್ಲೆಂಡಿನಲ್ಲಿ ಜೀವಂತವಾಗಿಯೇ ಇತ್ತು. ಆದರೆ ಅದು ರಕ್ಷಿಸುವುದು ಕ್ರೈಸ್ತ ಧರ್ಮವನ್ನು ಮಾತ್ರ ಎಂದು 1990ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ತಮ್ಮನ್ನು ವಾಕ್‌ಸ್ವಾತಂತ್ರ್ಯದ ವಿರೋಧಿಗಳೆಂದು ಕರೆಯುವ ದೇಶ ತನ್ನ ಧರ್ಮಕ್ಕೆ ಮಾತ್ರ ಬೇಲಿ ಹಾಕಿಕೊಂಡಿದೆ ಎಂಬ ದೂರು ಅಲ್ಲಿನ ಮುಸಲ್ಮಾನರಲ್ಲಿ ಬೇರೂರಿದ್ದು ಆಗ. ಆ ಕಾನೂನು ರದ್ದಾದದ್ದು 2008ರಲ್ಲಿ.

ಫ್ರಾನ್ಸಿನಲ್ಲಿಯೂ ನ್ಯಾಯಾಲಯದ ದಾರಿ ಮೊದಲು ತುಳಿದದ್ದೇ. ಡೆನ್ಮಾರ್ಕಿನ 'ಯುಲಾಂಡ್ಸ್ ಪೋಸ್ಟನ್' ಪತ್ರಿಕೆ 2005ರ ಸೆಪ್ಟೆಂಬರ್ 30ರಂದು ಪ್ರಕಟಿಸಿದ ಹನ್ನೆರಡು ವ್ಯಂಗ್ಯಚಿತ್ರಗಳನ್ನು 'ಶಾರ್ಲಿ ಎಬ್ದೊ' ಪತ್ರಿಕೆ ಮರುಮುದ್ರಿಸಿದಾಗ ಪ್ಯಾರಿಸ್ಸಿನ ದೊಡ್ಡ ಮಸೀದಿಯ ಆಡಳಿತವೂ ಮತ್ತೊಂದು ಮುಸ್ಲಿಂ ಸಂಘಟನೆಯೂ ದಾವೆ ಹೂಡಿದವು. 2007ರ ಮಾರ್ಚಿನಲ್ಲಿ ನ್ಯಾಯಾಲಯ ಪತ್ರಿಕೆಯ ಪರವಾಗಿ ತೀರ್ಪು ನೀಡಿತು. 2015ರ ಜನವರಿ 7ರಂದು ಬಂದೂಕುಧಾರಿಗಳು ಆ ಪತ್ರಿಕೆಯ ಮೇಲೆ ದಾಳಿಮಾಡಿ ಹನ್ನೆರಡು ಮಂದಿಯನ್ನು ಕೊಂದರು. ಕೊಲೆಯಾದವರಲ್ಲಿ ಪತ್ರಿಕೆಯ ಕರಡು ತಿದ್ದುತ್ತಿದ್ದ ಮುಸ್ತಫಾ ಉರ‍್ರಾದ್ ಅಲ್ಜೀರಿಯಾ ಮೂಲದವರು. ಬೀದಿಯಲ್ಲಿ ಗುಂಡೇಟಿಗೆ ಬಲಿಯಾದ ಪೊಲೀಸ್ ಅಹ್ಮದ್ ಮೆರಾಬೆ ಮುಸಲ್ಮಾನರು.

ಅದರ ಮರುತಿಂಗಳು ಬಿಬಿಸಿಯ ಪರವಾಗಿ ಕಾಮ್‌ರೆಸ್ ಸಂಸ್ಥೆ ಬ್ರಿಟನ್ನಿನ 1000 ಮುಸಲ್ಮಾನರನ್ನು ಪ್ರಶ್ನಿಸಿತು. ಪ್ರವಾದಿಯವರ ಚಿತ್ರ ಪ್ರಕಟಿಸುವುದು ತಮಗೆ ತೀವ್ರ ನೋವಿನ ಸಂಗತಿ ಎಂದವರು ನೂರಕ್ಕೆ 78. ಆದರೆ ಅಂಥ ಚಿತ್ರ ಪ್ರಕಟಿಸಿದವರ ಮೇಲೆ ಹಿಂಸೆ ಎಂದಿಗೂ ಸಮರ್ಥನೀಯವಲ್ಲ ಎಂದವರು 68. ದಾಳಿಕೋರರ ಉದ್ದೇಶದ ಬಗ್ಗೆ ಸ್ವಲ್ಪ ಸಹಾನುಭೂತಿಯಿದೆ ಎಂದವರು 27. ಪತ್ರಿಕೆಗಳು ಕೊನೆಯ ಅಂಕಿಯನ್ನೇ ತಲೆಬರಹವಾಗಿಸಿದವು. ಬ್ಯಾಂಕಿನಲ್ಲಿ ದಶಕಗಳ ಕಾಲ ಲೆಡ್ಜರು ತಿರುವಿದ ನಮಗೆ ಒಂದೇ ಕಲಮನ್ನು ನೋಡಿ ಲೆಕ್ಕ ಮುಗಿಸುವ ಅಭ್ಯಾಸವಿಲ್ಲ. 27 ಎಂಬುದು ಸಣ್ಣ ಅಂಕಿಯಲ್ಲ, ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ 78ನ್ನೂ 68ನ್ನೂ ಒಟ್ಟಿಗೆ ಓದಿದವರಿಗೆ ಮಾತ್ರ, ನೋವುಂಟು ಆದರೆ ಕೈಯೆತ್ತುವುದಿಲ್ಲ ಎನ್ನುವ ಬಹುದೊಡ್ಡ ವರ್ಗ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಕುತೂಹಲಕರ ಸಂಗತಿ. ಡೆನ್ಮಾರ್ಕಿನ ಆ ಚಿತ್ರಗಳಲ್ಲಿ ಕೆಲವನ್ನು ಈಜಿಪ್ಟಿನ 'ಅಲ್ ಫಜ್ರ್' ಪತ್ರಿಕೆ 2005ರ ಅಕ್ಟೋಬರಿನಲ್ಲೇ ಮರುಮುದ್ರಿಸಿತ್ತು. ಅದೂ ರಂಜಾನ್ ತಿಂಗಳಿನಲ್ಲಿ. ಆಗ ಅಲ್ಲಿ ಹೇಳಿಕೊಳ್ಳುವಂಥ ಗದ್ದಲವಾಗಲಿಲ್ಲ. ಅದೇ ಚಿತ್ರಗಳಿಗಾಗಿ 2006ರ ಆರಂಭದಲ್ಲಿ ಹಲವು ದೇಶಗಳಲ್ಲಿ ರಕ್ತ ಹರಿಯಿತು. ಏನು ಹೇಳಲಾಯಿತು ಎಂಬುದಕ್ಕಿಂತ ಯಾರು, ಯಾರ ಮುಂದೆ, ಯಾವ ಹೊತ್ತಿನಲ್ಲಿ ಹೇಳಿದರು ಎಂಬುದು ಇಂಥ ಪ್ರಕರಣಗಳಲ್ಲಿ ಹೆಚ್ಚು ನಿರ್ಣಾಯಕವಾಗುತ್ತದೆ ಎಂದು ನಮಗೆ ತೋರುತ್ತದೆ. ಕರ್ನಾಟಕದ ಪ್ರಕರಣಗಳನ್ನು ನೋಡುವಾಗ ಓದುಗರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ.

ನಮ್ಮ ಕಾನೂನು ಹುಟ್ಟಿದ ಬಗೆ

ಭಾರತದ ಸ್ಥಿತಿ ಪಶ್ಚಿಮದ್ದಲ್ಲ. ನಮ್ಮ ಸಂವಿಧಾನದ 19ನೆಯ ವಿಧಿ ವಾಕ್‌ಸ್ವಾತಂತ್ರ್ಯವನ್ನು ಕೊಟ್ಟ ಕೈಯಲ್ಲೇ ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗಾಗಿ ಮಿತಿಗಳನ್ನೂ ಇಟ್ಟಿದೆ. ಧರ್ಮದ ವಿಷಯದಲ್ಲಿ ಮುಖ್ಯವಾದ ಕಲಮು ಅದಕ್ಕಿಂತ ಹಳೆಯದು.

1924ರಲ್ಲಿ ಲಾಹೋರಿನಲ್ಲಿ ಪ್ರವಾದಿಯವರ ಖಾಸಗಿ ಬದುಕನ್ನು ಹೀಗಳೆಯುವ 'ರಂಗೀಲಾ ರಸೂಲ್' ಎಂಬ ಪುಸ್ತಿಕೆ ಹೊರಬಂತು. ಪ್ರಕಾಶಕ ರಾಜಪಾಲರ ಮೇಲೆ ಮೊಕದ್ದಮೆ ನಡೆದು, ಸತ್ತುಹೋದ ಧರ್ಮಪುರುಷರನ್ನು ಟೀಕಿಸುವುದು ಆಗಿನ ಕಾನೂನಿನ ಕೆಳಗೆ ಅಪರಾಧವಾಗದೆಂದು 1927ರಲ್ಲಿ ಲಾಹೋರ್ ಹೈಕೋರ್ಟು ಅವರನ್ನು ಬಿಡುಗಡೆ ಮಾಡಿತು. ಅದೇ ವರ್ಷ ಕೇಂದ್ರ ಶಾಸನಸಭೆ ದಂಡ ಸಂಹಿತೆಗೆ 295ಎ ಎಂಬ ಹೊಸ ಕಲಮನ್ನು ಸೇರಿಸಿತು. ಬುದ್ಧಿಪೂರ್ವಕವಾಗಿ, ದುರುದ್ದೇಶದಿಂದ ಯಾವುದೇ ವರ್ಗದ ಧಾರ್ಮಿಕ ಭಾವನೆಯನ್ನು ಕೆರಳಿಸುವುದು ಅಪರಾಧವಾಯಿತು. ಚರ್ಚೆಯಲ್ಲಿ ಮಹಮದ್ ಅಲಿ ಜಿನ್ನಾ ಅವರು, ಇತಿಹಾಸ ಬರೆಯುವವರಿಗೂ ಧರ್ಮವನ್ನು ಪ್ರಾಮಾಣಿಕವಾಗಿ ವಿಮರ್ಶಿಸುವವರಿಗೂ ಈ ಕಾನೂನಿನಿಂದ ತೊಂದರೆಯಾಗಕೂಡದೆಂದು ಎಚ್ಚರಿಸಿದ್ದರು. ಹೊಸ ಕಾನೂನು ರಾಜಪಾಲರನ್ನಂತೂ ಉಳಿಸಲಿಲ್ಲ. 1929ರ ಏಪ್ರಿಲಿನಲ್ಲಿ ಇಲ್ಮುದ್ದೀನ್ ಎಂಬ ಯುವಕ ಅವರನ್ನು ಇರಿದು ಕೊಂದ. ಅದೇ ವರ್ಷ ಅವನಿಗೆ ಗಲ್ಲಾಯಿತು.

1957ರಲ್ಲಿ ರಾಮ್‌ಜಿ ಲಾಲ್ ಮೋದಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿ ಮುಂದುವರಿದಿದೆ. ಮುಸಲ್ಮಾನರ ದೂರಿನಿಂದ ಹುಟ್ಟಿದ ಈ ಕಲಮನ್ನು ಇಂದು ಎಲ್ಲ ಧರ್ಮದವರೂ ಎಲ್ಲರ ಮೇಲೂ ಹೂಡುತ್ತಿರುವುದು ಪತ್ರಿಕೆ ಓದುವ ಎಲ್ಲರಿಗೂ ತಿಳಿದೇ ಇದೆ.

ದೆಹಲಿಯ ಒಂದು ಪ್ರಕರಣ

ರಶ್ದಿಯವರ ಕಾದಂಬರಿಯ ಆಮದನ್ನು ಭಾರತ ಸರ್ಕಾರ 1988ರ ಅಕ್ಟೋಬರಿನಲ್ಲಿ, ಎಂದರೆ ಇರಾನಿನ ಫತ್ವಾಕ್ಕೆ ನಾಲ್ಕು ತಿಂಗಳು ಮೊದಲೇ, ಸುಂಕ ಇಲಾಖೆಯ ಮೂಲಕ ತಡೆಯಿತು. 1992ರಲ್ಲಿ ಓಖ್ಲಾದ ಜಾಮಿಯಾ ಮಿಲಿಯಾ ಇಸ್ಲಾಮಿಯಾದ ಸಹ ಕುಲಪತಿಯಾಗಿದ್ದ ಇತಿಹಾಸಕಾರ ಮುಶೀರುಲ್ ಹಸನ್ ಅವರು ಸಂದರ್ಶನವೊಂದರಲ್ಲಿ ನಿಷೇಧವನ್ನು ತೆಗೆಯಬೇಕೆಂದರು. ಪುಸ್ತಕವನ್ನು ಅವರೇನೂ ಮೆಚ್ಚಿರಲಿಲ್ಲ. ಆದರೂ ತಿಂಗಳುಗಟ್ಟಲೆ ಚಳವಳಿ ನಡೆಯಿತು. ಆ ವರ್ಷದ ಡಿಸೆಂಬರಿನಲ್ಲಿ ಆವರಣಕ್ಕೆ ಮರಳಿದಾಗ ಅವರ ಮೇಲೆ ಹಲ್ಲೆಯಾಯಿತು. ಅದೇ ಹಸನ್ ಅವರು 2004ರಿಂದ 2009ರವರೆಗೆ ಅದೇ ಜಾಮಿಯಾದ ಕುಲಪತಿಗಳಾಗಿದ್ದರು. ಸಮುದಾಯದ ಸಂಸ್ಥೆಯೊಂದು ತಾನು ಹೊರದಬ್ಬಿದವರನ್ನು ಹೀಗೆ ಹನ್ನೆರಡು ವರ್ಷಗಳಲ್ಲಿ ಮೊದಲನೆಯ ಕುರ್ಚಿಯಲ್ಲಿ ಕಂಡಿತು.

ನಿಷೇಧದ ಕತೆಗೆ ಒಂದು ವಿಚಿತ್ರ ಉಪಸಂಹಾರವುಂಟು. 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಆ ಮೂಲ ಆದೇಶವನ್ನು ಯಾವ ಅಧಿಕಾರಿಯೂ ಹಾಜರುಪಡಿಸಲಾಗಲಿಲ್ಲ. ಹೀಗಾಗಿ ಅಂಥ ಆದೇಶ ಇಲ್ಲವೆಂದೇ ನ್ಯಾಯಾಲಯ ಭಾವಿಸಬೇಕಾಯಿತು. ಕಡತ ಕಾಣೆಯಾದರೆ ಗುಮಾಸ್ತನಿಗೆ ಮೆಮೋ ಕೊಡುವ ವ್ಯವಸ್ಥೆಯಲ್ಲಿ ಬದುಕಿದ ನಮಗೆ ನಗು ಬಂದದ್ದು ನಿಜ. ವರ್ಷಾಂತ್ಯದಲ್ಲಿ ಪುಸ್ತಕ ಖಾನ್ ಮಾರ್ಕೆಟ್ಟಿನ ಅಂಗಡಿಯಲ್ಲಿ ಮಾರಾಟಕ್ಕೆ ಬಂದಿತು.

ಕರ್ನಾಟಕದಲ್ಲಿ

1986ರ ಡಿಸೆಂಬರ್ 7ರ ಭಾನುವಾರ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯ ಪುರವಣಿಯಲ್ಲಿ ಪಿ.ಕೆ.ಎನ್. ನಂಬೂದಿರಿಯವರ ಮಲಯಾಳಂ ಕತೆಯೊಂದರ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಕತೆಯ ನಾಯಕ ಬುದ್ಧಿಮಾಂದ್ಯ ಹುಡುಗ, ಅವನ ಹೆಸರು ಮೊಹಮ್ಮದ್. ತಲೆಬರಹದಲ್ಲಿ ಹೆಸರೂ ಹೀಗಳೆಯುವ ವಿಶೇಷಣವೂ ಜೊತೆಯಾಗಿದ್ದವು. ಕತೆಗೂ ಪ್ರವಾದಿಯವರಿಗೂ ಸಂಬಂಧವಿರಲಿಲ್ಲ, ಮಲಯಾಳದಲ್ಲಿ ಅದು ಮೊದಲೇ ಅಚ್ಚಾಗಿತ್ತು. ಬೆಂಗಳೂರಿನಲ್ಲಿ ಮಾತ್ರ ಗಲಭೆ, ಗೋಲಿಬಾರುಗಳಾಗಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಗ ನಾವು ಬೆಂಗಳೂರಿನಲ್ಲಿ ಪಿಯುಸಿ ಓದುತ್ತಿದ್ದೆವು. ಕರ್ಫ್ಯೂ ಹೊತ್ತಿನಲ್ಲಿ ನೆರೆಯವರೆಲ್ಲ ಕೇಳುತ್ತಿದ್ದದ್ದು ಒಂದೇ: ಆ ಕತೆಯಲ್ಲಿ ಏನಿದೆ? ಓದಿದವರು ಒಬ್ಬರೂ ಸಿಗಲಿಲ್ಲ. ಬೀದಿಗಿಳಿದವರಲ್ಲಿ ಬಹುಮಂದಿಯೂ ಓದಿರಲಾರರು. ಇಂಗ್ಲಿಷ್ ಪುರವಣಿಯ ಕತೆ ಅವರ ಮನೆಗಳಿಗೆ ತಲುಪುವಂಥದ್ದಲ್ಲ, ತಲುಪಿದ್ದು ತಲೆಬರಹದ ಸುದ್ದಿ.

2010ರ ಫೆಬ್ರವರಿ 28ರಂದು 'ಕನ್ನಡಪ್ರಭ' ಪತ್ರಿಕೆ ತಸ್ಲೀಮಾ ನಸ್ರೀನ್ ಅವರ ಬುರ್ಖಾ ಕುರಿತ ಲೇಖನದ ಅನುವಾದವನ್ನು ಪ್ರಕಟಿಸಿತು. ಮರುದಿನ ಶಿವಮೊಗ್ಗ, ಹಾಸನಗಳಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿತು. ಶಿವಮೊಗ್ಗದಲ್ಲಿ ಇಬ್ಬರು ಸತ್ತರು. ತಾನು ಆ ಪತ್ರಿಕೆಗೆ ಏನನ್ನೂ ಬರೆದಿಲ್ಲವೆಂದು ತಸ್ಲೀಮಾ ಸ್ಪಷ್ಟಪಡಿಸಿದರು. ಬುರ್ಖಾವನ್ನು ಸುಡಬೇಕೆಂಬ ಅವರ ಲೇಖನ 2007ರಲ್ಲೇ ಇಂಗ್ಲಿಷ್ ವಾರಪತ್ರಿಕೆ 'ಔಟ್‌ಲುಕ್'ನಲ್ಲಿ ಬಂದಿತ್ತು, ಆಗ ಕರ್ನಾಟಕದಲ್ಲಿ ಯಾರೂ ಸತ್ತಿರಲಿಲ್ಲ. 1994ರಲ್ಲಿ ಬಾಂಗ್ಲಾದೇಶವನ್ನೂ 2007ರಲ್ಲಿ ಕೋಲ್ಕತ್ತವನ್ನೂ ಬಿಡಬೇಕಾಗಿ ಬಂದ ಈ ಲೇಖಕಿ ನಂತರದ ವರ್ಷಗಳಲ್ಲಿ ನಮ್ಮ ದೆಹಲಿಯಲ್ಲೇ ನೆಲೆ ಕಂಡುಕೊಂಡರು.

2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ನಡೆದದ್ದು ಓದುಗರ ನೆನಪಿನಲ್ಲಿ ಹಸಿರಾಗಿಯೇ ಇದೆ. ಶಾಸಕರ ಬಂಧುವೊಬ್ಬರ ಫೇಸ್‌ಬುಕ್ ಬರಹವೊಂದು ನೆಪವಾಗಿ ಶಾಸಕರ ಮನೆ, ಪೊಲೀಸ್ ಠಾಣೆಗಳಿಗೆ ಬೆಂಕಿ ಬಿತ್ತು. ಗೋಲಿಬಾರಿನಲ್ಲಿ ಮೂವರು ಸತ್ತರು. ಅದೇ ರಾತ್ರಿ ಅದೇ ಬಡಾವಣೆಯ ಮುಸ್ಲಿಂ ಯುವಕರು ದೇವಸ್ಥಾನವೊಂದರ ಸುತ್ತ ಕೈಕೈ ಹಿಡಿದು ನಿಂತು ಕಾದರು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನಮಗೆ ಸರಿಕಾಣದು. ಗುಂಪಿನ ಹಿಂಸೆಗೆ ಯಾವ ಸಮಜಾಯಿಷಿಯನ್ನೂ ನಾವು ಒಪ್ಪುವುದಿಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ದಾಖಲಿಸಬೇಕಾಗಿದೆ. 2010ರ ಮಾರ್ಚಿನಲ್ಲಿ ನಗರದ ಕನ್ನಡ ಬಳಗವೊಂದರ ಯುಗಾದಿ ಸ್ಮರಣ ಸಂಚಿಕೆಯ ಸಂಪಾದನೆ ನಮ್ಮ ಪಾಲಿಗೆ ಬಂದಿತ್ತು. ಹಾಸನ ಜಿಲ್ಲೆಯ ಶಿಕ್ಷಕಿಯೊಬ್ಬರು, ಮುಸ್ಲಿಂ ಮಹಿಳೆ, ದೆಹಲಿಯ ಬಂಧುಗಳ ಮೂಲಕ ಒಂದು ಕತೆ ಕಳುಹಿಸಿದ್ದರು. ಗಂಡ ಬಿಟ್ಟ ಹೆಂಗಸೊಬ್ಬಳು ಜೀವನಾಂಶಕ್ಕಾಗಿ ಜಮಾತಿನ ಹಿರಿಯರ ಮುಂದೆ ನಿಲ್ಲುವ ಕತೆ. ಪ್ರವಾದಿಯವರ ಹೆಸರಾಗಲಿ ಧರ್ಮಗ್ರಂಥದ ಮಾತಾಗಲಿ ಅದರಲ್ಲಿ ಇರಲಿಲ್ಲ. ಕತೆ ಚೆನ್ನಾಗಿತ್ತು. ಶಿವಮೊಗ್ಗದ ಸುದ್ದಿ ಬಂದ ವಾರ ನಾವು ಅದನ್ನು ಕೈಬಿಟ್ಟೆವು. ಪುಟ ಸಾಲದೆಂದು ಪತ್ರ ಬರೆದೆವು. ಅದೇ ಸಂಚಿಕೆಯಲ್ಲಿ ಜಾಹೀರಾತಿಗೆ ನಾಲ್ಕು ಪುಟ ಹೆಚ್ಚಾಗಿಯೇ ಸಿಕ್ಕಿತ್ತು. ಯಾರೂ ನಮ್ಮನ್ನು ಬೆದರಿಸಿರಲಿಲ್ಲ, ಯಾವ ಮುಸಲ್ಮಾನರೂ ಆಕ್ಷೇಪಿಸಿರಲಿಲ್ಲ. ಅವರು ಆಕ್ಷೇಪಿಸಿಯಾರೆಂದು ನಾವೇ ಊಹಿಸಿ, ಅವರದೇ ಸಮುದಾಯದ ಹೆಂಗಸಿನ ಬಾಯಿ ಮುಚ್ಚಿಸಿದ್ದೆವು.

ಕನ್ನಡದ ಇಬ್ಬರು ಲೇಖಕಿಯರು

ಮೇಲಿನ ಪ್ರಕರಣಗಳೆಲ್ಲ ಹೊರಗಿನವರ ಮಾತಿಗೆ ಸಮುದಾಯ ತೋರಿದ ಪ್ರತಿಕ್ರಿಯೆಗಳು. ಸಮುದಾಯದ ಒಳಗಿಂದಲೇ ಮಾತೆತ್ತಿದವರ ಅನುಭವ ಇದಕ್ಕಿಂತ ಹೆಚ್ಚನ್ನು ತಿಳಿಸುತ್ತದೆ.

ಸಾರಾ ಅಬೂಬಕ್ಕರ್ ಅವರು 1936ರಲ್ಲಿ ಕಾಸರಗೋಡಿನಲ್ಲಿ ಜನಿಸಿದರು. ಮನೆಮಾತು ಮಲಯಾಳ, ಶಾಲೆಯಲ್ಲಿ ಕಲಿತದ್ದು ಕನ್ನಡ. ಸಮುದಾಯದ ಹೆಣ್ಣುಮಕ್ಕಳು ಶಾಲೆಯ ಬಾಗಿಲನ್ನೇ ಕಾಣದ ಕಾಲದಲ್ಲಿ ಓದಿದವರು. 'ಲಂಕೇಶ್ ಪತ್ರಿಕೆ'ಯ ಮೂಲಕ ಬರವಣಿಗೆಗೆ ಬಂದ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ತಂದೆಯ ಹಟಕ್ಕೆ ತಲಾಖ್ ಪಡೆದ ನಾದಿರಾ ಮರಳಿ ಗಂಡನನ್ನು ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಬೇಕೆಂಬ ಕಟ್ಟಲೆ ಅವಳನ್ನು ಸಾವಿಗೆ ತಳ್ಳುತ್ತದೆ. ಎಂಬತ್ತರ ದಶಕದಲ್ಲಿ ಪುತ್ತೂರಿನ ಸಾಹಿತ್ಯ ಸಭೆಯೊಂದರಲ್ಲಿ ಸಮುದಾಯದ ಸಂಪ್ರದಾಯವಾದಿಗಳು ಅವರ ಮೇಲೆ ಎರಗಿ ಮಾತನಾಡಗೊಡಲಿಲ್ಲ. ಸಾರಾ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಮಂಗಳೂರಿನಲ್ಲಿ ತಮ್ಮದೇ 'ಚಂದ್ರಗಿರಿ ಪ್ರಕಾಶನ'ವನ್ನು ತೆರೆದರು. 2023ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಎರಡೂ ಧರ್ಮಗಳ ಮೂಲಭೂತವಾದಿಗಳನ್ನು ಟೀಕಿಸುತ್ತಲೇ ಇದ್ದರು.

ಬಾನು ಮುಷ್ತಾಕ್ ಅವರು 1948ರಲ್ಲಿ ಹಾಸನದಲ್ಲಿ ಹುಟ್ಟಿದವರು. ಮನೆಮಾತು ದಖ್ಖನಿ ಉರ್ದು. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರುವಾಗ ಆರು ತಿಂಗಳಲ್ಲಿ ಕನ್ನಡ ಕಲಿಯಬೇಕೆಂಬ ಷರತ್ತು ಹಾಕಲಾಗಿತ್ತು. ಅವರೂ 'ಲಂಕೇಶ್ ಪತ್ರಿಕೆ'ಯ ವರದಿಗಾರ್ತಿಯಾಗಿದ್ದರು, ನಂತರ ವಕೀಲರಾದರು. ಅವರ 'ಕರಿನಾಗರಗಳು' ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ಚಿತ್ರ ಮಾಡಿದರು, ಅದರ ಅಭಿನಯಕ್ಕಾಗಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. 2000ದಲ್ಲಿ, ಮುಸ್ಲಿಂ ಮಹಿಳೆಯರಿಗೆ ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕಿದೆ ಎಂದದ್ದಕ್ಕಾಗಿ ಅವರಿಗೂ ಕುಟುಂಬಕ್ಕೂ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರ ಹಾಕಲಾಯಿತು. ಬೆದರಿಕೆಯ ಕರೆಗಳು ಬಂದವು. ಚಾಕು ಹಿಡಿದು ಬಂದವನನ್ನು ಅವರ ಪತಿ ತಡೆದರು.

ಈ ಇಬ್ಬರ ಮೇಲೆ ಬಂದ ಮುಖ್ಯ ಆಕ್ಷೇಪ, ನಾವು ಕೇಳಿಬಲ್ಲಂತೆ, ಬರೆದದ್ದು ಸುಳ್ಳೆಂಬುದಲ್ಲ. ಮನೆಯ ಮಾತನ್ನು ಬೀದಿಗೆ ತಂದರೆಂಬುದು. ಮನೆಯೊಳಗಿನ ಉರ್ದುವಿನಲ್ಲೋ ಮಲಯಾಳದಲ್ಲೋ ಆಡಿದ್ದರೆ ಜಗಳವಾಗಿಯೇ ಉಳಿಯುತ್ತಿದ್ದದ್ದು ಕನ್ನಡದಲ್ಲಿ ಅಚ್ಚಾದಾಗ ಬಹುಸಂಖ್ಯಾತರ ಕೈಗೆ ಕೊಟ್ಟ ಕೋಲಾಗುತ್ತದೆ ಎಂಬ ಅಳುಕು ಅದರ ಹಿಂದಿದೆ. ಲಂಡನ್ನಿನ, ಪ್ಯಾರಿಸ್ಸಿನ ಮುಸ್ಲಿಂ ಲೇಖಕಿಯರು ಇಂಗ್ಲಿಷಿನಲ್ಲಿ, ಫ್ರೆಂಚಿನಲ್ಲಿ ಬರೆದಾಗಲೂ ಎದುರಾಗುವುದು ಇದೇ. ಈ ಅಳುಕು ಪೂರ್ಣ ನಿರಾಧಾರವೆಂದು ನಾವು ಹೇಳಲಾರೆವು. ನಮ್ಮ ಮನೆಗಳಲ್ಲೇ ಸಾರಾ ಅವರ ಕಾದಂಬರಿಯನ್ನು ಓದಿ 'ನೋಡಿ, ಅವರು ಹೀಗೆಯೇ' ಎಂದವರುಂಟು. ಆದರೆ ಆ ಅಳುಕಿಗಾಗಿ ನಾದಿರಾಳಂಥವರು ಎಷ್ಟು ಕಾಲ ಸುಮ್ಮನಿರಬೇಕಾಗಿತ್ತು?

ಕನ್ನಡದಲ್ಲಿ ಇದು ಮುಸಲ್ಮಾನರಿಗೆ ಮಾತ್ರ ಸೀಮಿತವೂ ಅಲ್ಲ. ಜೆಎನ್‌ಯುನಲ್ಲಿ ಪ್ರಾಧ್ಯಾಪಕರಾಗಿದ್ದು ನಮ್ಮಲ್ಲಿ ಹಲವರಿಗೆ ಪರಿಚಿತರಾದ ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ' ನಾಟಕ ಬಸವಣ್ಣನವರ ಚಿತ್ರಣಕ್ಕಾಗಿ ತೊಂಬತ್ತರ ದಶಕದಲ್ಲಿ ತೀವ್ರ ವಿರೋಧ ಎದುರಿಸಿತು. ಪಿ.ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡದ್ದನ್ನು 2007ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2015ರಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಗೌರಿ ಲಂಕೇಶ್ ತಮ್ಮ ಮನೆಬಾಗಿಲಲ್ಲೇ ಹತರಾದರು.

ಇತ್ತ ಬೊಳುವಾರು ಮಹಮದ್ ಕುಂಞಿಯವರು ಪ್ರವಾದಿಯವರ ಬದುಕನ್ನೇ ವಸ್ತುವಾಗಿಸಿಕೊಂಡು 'ಓದಿರಿ' ಎಂಬ ಕಾದಂಬರಿಯನ್ನು ಕನ್ನಡದಲ್ಲಿ ಬರೆದಿದ್ದಾರೆ. ಪ್ರವಾದಿಯವರಿಗೆ ಬಂದ ಮೊದಲ ದಿವ್ಯವಾಣಿಯ ಮೊದಲ ಪದದ ಕನ್ನಡ ರೂಪವೇ ಈ ಹೆಸರು. ಅವರ 'ಸ್ವಾತಂತ್ರ್ಯದ ಓಟ' ಕಾದಂಬರಿಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿದೆ.

2025ರ ಮೇ ತಿಂಗಳಲ್ಲಿ ಬಾನು ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಕೃತಿಯೂ ಮೊದಲ ಸಣ್ಣಕತೆಗಳ ಸಂಕಲನವೂ ಅದೇ. ಕೆಲವೇ ತಿಂಗಳಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ಆಕ್ಷೇಪ ಬಂದದ್ದು ಈ ಬಾರಿ ಇನ್ನೊಂದು ಕಡೆಯಿಂದ. ಕನ್ನಡವನ್ನು ಭುವನೇಶ್ವರಿಯಾಗಿ ಪೂಜಿಸುವ ಬಗ್ಗೆ ಅವರು 2023ರಲ್ಲಿ ಆಡಿದ್ದ ಮಾತನ್ನು ವಿರೋಧಿಗಳು ಮುಂದಿಟ್ಟರು. ಕರ್ನಾಟಕ ಹೈಕೋರ್ಟು ಸೆಪ್ಟೆಂಬರ್ 15ರಂದು, ಸುಪ್ರೀಂ ಕೋರ್ಟು 19ರಂದು ಅರ್ಜಿಗಳನ್ನು ತಳ್ಳಿಹಾಕಿದವು. 22ರಂದು ಬಾನು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಅಂದು ನಮ್ಮ ಮನೆಯಲ್ಲಿ ಟಿವಿ ನೋಡುತ್ತ ಕುಳಿತಿದ್ದಾಗ 2010ರ ಆ ಶಿಕ್ಷಕಿಯ ಕತೆ ನೆನಪಾಯಿತು. ಹಸ್ತಪ್ರತಿ ಹಳೆಯ ಕಡತದಲ್ಲಿ ಹಾಗೆಯೇ ಇತ್ತು. ಕಾರಣವನ್ನು ಮರೆಮಾಚದೆ ತಿಳಿಸಿ, ಪ್ರಕಟಿಸಲು ಅನುಮತಿ ಬೇಡಿ ಹಳೆಯ ವಿಳಾಸಕ್ಕೆ ಪತ್ರ ಬರೆದಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.